ಒಂದು ಮುಖ, ಎರಡು ಖಾತೆ

ನೀಲಕ್ಕನ ಮುಖ ಯಾರದೆಂದು ಊರಿಗೆಲ್ಲ ಗೊತ್ತಿತ್ತು, ನೀಲಕ್ಕನೊಬ್ಬಳನ್ನು ಬಿಟ್ಟು. ನಾವು ಯಾರೂ ಹೇಳಿರಲಿಲ್ಲ, ಹೇಳುವುದು ನಮ್ಮೂರಲ್ಲಿ ಪದ್ಧತಿಯಲ್ಲ. ಕೊನೆಗೆ ಅದನ್ನು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದು ಪಡಸಾಲೆ. ಪಡಸಾಲೆ ಅಂದರೆ ಮನೆಯ ಪಡಸಾಲೆಯಲ್ಲ. ಫೋನಿನಲ್ಲಿ ಜನ ತಾವು ಮಾಡಿದ ವಿಡಿಯೋ ಹಾಕುವ, ಬೇರೆಯವರದು ನೋಡುವ ಜಾಗ. ಅದನ್ನು ನಡೆಸುವವರು ಎಲ್ಲಿದ್ದಾರೋ, ಯಾರೋ, ನಮಗೆ ತಿಳಿಯದು. ನಮ್ಮೂರ ಮರ್ಯಾದೆಯಂತೂ ಅವರಿಗೆ ತಿಳಿಯದು.

ನಮ್ಮೂರಲ್ಲಿ ಮನುಷ್ಯ ಯಾರನ್ನು ಹೆಚ್ಚು ನೆನೆಯುತ್ತಾನೋ ಅವರ ಮುಖವೇ ನಿಧಾನಕ್ಕೆ ಅವನಿಗೂ ಬರುತ್ತದೆ. ಇವತ್ತು ನೆನೆದರೆ ನಾಳೆಯೇ ಬರುವಂಥದ್ದಲ್ಲ. ಮೊದಲು ಹುಬ್ಬು, ಆಮೇಲೆ ಮೂಗು, ಕೊನೆಗೆ ಗಲ್ಲ. ಎಳೆಯ ಮಕ್ಕಳಿಗೆಲ್ಲ ತಾಯಿಯ ಮುಖ. ಹೈಸ್ಕೂಲು ಮುಟ್ಟುವ ಹೊತ್ತಿಗೆ ತಿಂಗಳಿಗೊಂದು ಮುಖ. ಹಾಗಾಗಿ ನಾವು ಒಬ್ಬರನ್ನೊಬ್ಬರು ಗುರುತು ಹಿಡಿಯುವುದು ನಡಿಗೆಯಿಂದ, ಕೆಮ್ಮಿನಿಂದ, ಚಪ್ಪಲಿಯ ಸದ್ದಿನಿಂದ. ಯಾರ ಮುಖ ಯಾರ ಹಾಗಾಗಿದೆ ಎಂದು ಎದುರಿಗೆ ಆಡುವುದು, ಊಟಕ್ಕೆ ಕೂತವರ ತುತ್ತು ಎಣಿಸಿದಷ್ಟೇ ಕೀಳು. ಕನ್ನಡಿಗಳೂ ಅಂಗೈಯಗಲದವೇ. ವಿಭೂತಿ ಇಟ್ಟುಕೊಳ್ಳುವಾಗ ಹಣೆ ಕಂಡರೆ, ಗಡ್ಡ ತೆಗೆಯುವಾಗ ಒಂದು ಕೆನ್ನೆ ಕಂಡರೆ ಸಾಕು. ನನ್ನ ಯಜಮಾನರ ಮುಖ ಐದು ವರ್ಷದಿಂದ ಟೀವಿಯಲ್ಲಿ ಹವಾಮಾನ ಹೇಳುವ ಹೆಂಗಸಿನದು. ನಾನು ಇವತ್ತಿನವರೆಗೆ ಅದರ ಬಗ್ಗೆ ಒಂದು ಮಾತೆತ್ತಿಲ್ಲ. ಇವತ್ತು ಮಳೆ ಬರುತ್ತದಾ ಎಂದು ಆಗಾಗ ಕೇಳುತ್ತೇನೆ, ಅಷ್ಟೆ.

ನನ್ನ ಹೆಸರು ಚೂಡಾಮಣಿ. ಬಸ್ ಸ್ಟ್ಯಾಂಡಿನ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಜೊತೆಗೆ ಜನರಿಗೆ ಅರ್ಜಿ ತುಂಬಿಕೊಡುತ್ತೇನೆ. ನನ್ನ ಅಂಗಡಿಯ ಎದುರು ಸಾಲಿನಲ್ಲೇ ನೀಲಕ್ಕನ ಮಿಕ್ಸಿ, ಕುಕ್ಕರ್ ರಿಪೇರಿ ಅಂಗಡಿ. ಮೊದಲು ಅದನ್ನು ಅವಳ ಗಂಡ ಗುರುಮಲ್ಲಪ್ಪ ಮತ್ತು ಅವನ ಸ್ನೇಹಿತ ದೊರೆಸ್ವಾಮಿ ಸೇರಿ ನಡೆಸುತ್ತಿದ್ದರು. ಹದಿನಾಲ್ಕು ವರ್ಷ ಒಂದೇ ಬೆಂಚು, ಒಂದೇ ಬುತ್ತಿ. ನೋಡುತ್ತ ನೋಡುತ್ತ ಕೆಲಸ ಕಲಿತ ನೀಲಕ್ಕ ಒಂದು ದಿನ ಬಾಯಿ ಹಾಕಿದಳು. ಮಿಕ್ಸಿ ಜಾರಿನ ತಳದ ನಟ್ಟು ಕಚ್ಚಿಕೊಂಡರೆ ದೊರೆಸ್ವಾಮಿ ಬೆಂಕಿ ಹಿಡಿದು ಬಿಚ್ಚುತ್ತಿದ್ದ. ಬಿಸಿನೀರಲ್ಲಿಟ್ಟರೆ ಸಾಕು, ಬೆಂಕಿಗೆ ಒಳಗಿನ ಬುಶ್ ಹಾಳಾಗುತ್ತದೆ ಎಂದಳು ನೀಲಕ್ಕ. ಗುರುಮಲ್ಲಪ್ಪ ಹೆಂಡತಿಯ ಮಾತೇ ಸರಿ ಎಂದ. ಒಂದು ನಟ್ಟಿನ ದೆಸೆಯಿಂದ ಅಂಗಡಿ ಎರಡಾಯಿತು. ದೊರೆಸ್ವಾಮಿ ಕೆಳಗಿನ ಬೀದಿಗೆ ಹೋಗಿ ಕೂತ.

ಆಮೇಲೆ ಪಡಸಾಲೆ ಬಂತು. ಗುರುಮಲ್ಲಪ್ಪ ತನ್ನ ಫೋನಿನಲ್ಲಿ, ತನ್ನ ಮುಖವನ್ನೇ ತೋರಿಸಿ ಖಾತೆ ತೆರೆದ. ಹೆಸರು ಮಾತ್ರ ‘ನೀಲಾ ರಿಪೇರಿ’ ಎಂದಿಟ್ಟ. ವಿಡಿಯೋದಲ್ಲಿ ಕಾಣುವುದು ನೀಲಕ್ಕನ ಎರಡು ಕೈ, ಒಂದು ಸ್ಕ್ರೂಡ್ರೈವರು, ಬಿಚ್ಚಿಟ್ಟ ಜಾರು. ಫೋನು ಹಿಡಿದ ಗುರುಮಲ್ಲಪ್ಪ ಎಲ್ಲೂ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. ‘ಕೈ ಅಡ್ಡ ಬಂತು ನೀಲಾ.’ ಪ್ರತಿ ವಿಡಿಯೋದಲ್ಲೂ ಒಂದು ಸಲವಾದರೂ ಅವನು ಹಾಗೆನ್ನುತ್ತಾನೆ, ಅವಳ ಕೈ ಪಕ್ಕಕ್ಕೆ ಸರಿಯುತ್ತದೆ. ಅಂಥವು ಇನ್ನೂರ ಹನ್ನೆರಡು ವಿಡಿಯೋ. ದೊರೆಸ್ವಾಮಿಯೂ ಸುಮ್ಮನಿರಲಿಲ್ಲ, ‘ದೊರೆ ಮಿಕ್ಸಿ ವರ್ಕ್ಸ್’ ಎಂದು ತನ್ನದೂ ತೆರೆದ. ಇವಳು ‘ಕೆಲವರು ಬೆಂಕಿ ಹಿಡೀತಾರೆ, ನೀವು ಹಿಡೀಬೇಡಿ’ ಎನ್ನುವಳು. ಅವನು ‘ಕೆಲವರು ನೀರಿಗೆ ಹಾಕ್ತಾರೆ, ಸಂಜೆಗಂಟ ಕಾಯ್ತಾ ಕೂತಿರ್ತಾರೆ’ ಎನ್ನುವನು. ಇಬ್ಬರದನ್ನೂ ಊರು ತಪ್ಪದೆ ನೋಡುತ್ತಿತ್ತು.

ಮೂರು ವರ್ಷದ ಹಿಂದೆ ಗುರುಮಲ್ಲಪ್ಪ ತೀರಿಕೊಂಡ. ಊರಿಗೆ ಊರೇ ಮಣ್ಣಿಗೆ ಬಂದಿತ್ತು, ದೊರೆಸ್ವಾಮಿಯೊಬ್ಬ ಬರಲಿಲ್ಲ. ನೀಲಕ್ಕ ಅವತ್ತಿನಿಂದ ಅವನನ್ನು ಬೈಯದ ದಿನವಿಲ್ಲ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ ಒಂದು ಸಲ, ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಒಂದು ಸಲ. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ತಾನೇ ವಿಡಿಯೋ ಮಾಡುತ್ತಿದ್ದಳು. ಕೈ ಅಡ್ಡ ಬಂದರೆ ಹೇಳುವವರಿರಲಿಲ್ಲ. ಗಂಡನನ್ನು ನೆನೆದು ನೆನೆದು ತನಗೆ ಅವನದೇ ಮುಖ ಬಂದಿದೆ ಎಂದು ಅವಳು ನಂಬಿದ್ದಳು. ಹಣೆಯಷ್ಟೇ ಕಾಣುವ ಕನ್ನಡಿಯಲ್ಲಿ ಹಾಗೆ ನಂಬುವುದು ಕಷ್ಟವೇನಲ್ಲ.

ಈ ವರ್ಷ ಪಡಸಾಲೆಯವರು ಹೊಸ ನಿಯಮ ತಂದರು: ಖಾತೆ ಇರುವವರೆಲ್ಲ ತಿಂಗಳಿಗೊಮ್ಮೆ ಫೋನಿಗೆ ಮುಖ ತೋರಿಸಬೇಕು. ನೀಲಕ್ಕ ತೋರಿಸಿದಳು. ಫೋನು ಗಂಡನದೇ, ಗಾಜು ಒಡೆದು ಬಲೆಬಲೆಯಾಗಿತ್ತು. ಅದರಲ್ಲಿ ಅವಳಿಗೆ ತನ್ನ ಮುಖ ಸರಿಯಾಗಿ ಕಾಣಲೂ ಇಲ್ಲ. ಹತ್ತು ನಿಮಿಷಕ್ಕೆಲ್ಲ ಫೋನು ಹಿಡಿದು ನನ್ನ ಅಂಗಡಿಗೆ ಬಂದಳು.

“ಚೂಡಾ, ಇದೇನೋ ಕೆಂಪಕ್ಷರ ಬಂದದೆ, ಓದವ್ವ.”

ಓದಿದೆ. ಪ್ರಿಯ ಬಳಕೆದಾರರೇ, ನಿಮ್ಮ ಮುಖವು ‘ದೊರೆ ಮಿಕ್ಸಿ ವರ್ಕ್ಸ್’ ಖಾತೆದಾರರ ಮುಖವೇ ಆಗಿರುವುದು ಕಂಡುಬಂದಿದೆ. ಒಬ್ಬರಿಗೆ ಒಂದೇ ಖಾತೆ. ಆದ್ದರಿಂದ ‘ನೀಲಾ ರಿಪೇರಿ’ ಖಾತೆಯನ್ನು ನಿಷೇಧಿಸಲಾಗಿದೆ. ಮೂವತ್ತು ದಿನಗಳ ನಂತರ ಎಲ್ಲ ವಿಡಿಯೋಗಳನ್ನು ಅಳಿಸಲಾಗುವುದು. ನಾಲ್ಕು ಬಾರಿ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಪಡಸಾಲೆಯಲ್ಲಿ ನಿಮ್ಮ ಸಮಯ ಆನಂದದಾಯಕವಾಗಿರಲಿ.

ಓದುತ್ತ ಓದುತ್ತ ನನ್ನ ದನಿ ಇಳಿಯಿತು. ಜೆರಾಕ್ಸಿಗೆ ನಿಂತಿದ್ದ ಇಬ್ಬರು ಮೇಷ್ಟ್ರುಗಳು ತಮ್ಮ ಕಾಗದವನ್ನೇ ಮೊದಲ ಸಲ ಕಂಡವರ ಹಾಗೆ ನೋಡತೊಡಗಿದರು.

“ಯಾರ ಮುಖ ಅಂದೆ?” ಎಂದಳು ನೀಲಕ್ಕ.

“ದೊರೆಸ್ವಾಮಣ್ಣಂದು ಅಂತ ಬರ್ದವ್ರೆ ಅಕ್ಕ. ಮಿಷನ್ನು, ಅದಕ್ಕೇನು ಗೊತ್ತಾಗ್ತದೆ.”

ಅವಳು ನನ್ನನ್ನು ನೋಡಿದಳು, ಮೇಷ್ಟ್ರುಗಳನ್ನು ನೋಡಿದಳು. ಮಿಷನ್ನಿಗೆ ಸರಿಯಾಗಿಯೇ ಗೊತ್ತಾಗಿದೆ ಎಂಬುದು ನಮ್ಮ ಮೂರು ಮುಖದ ಮೇಲೂ ಬರೆದಿತ್ತು. ದ್ವೇಷ ಮಾಡಿದರೂ ನೆನೆದ ಹಾಗೇ ಲೆಕ್ಕ. ಇವಳು ಅವನನ್ನು ನೆನೆದು ಬೈದಳು, ಅವನು ಇವಳನ್ನು ನೆನೆದು ಕುದ್ದ. ಎರಡು ಮುಖಗಳೂ ಎದುರುಬದುರು ನಡೆದು ನಡುದಾರಿಯಲ್ಲಿ ಒಂದಾಗಿ ನಿಂತಿದ್ದವು. ಅರ್ಧ ಅವನದು, ಅರ್ಧ ಇವಳದು, ಇಬ್ಬರಿಗೂ ಅದೇ. ನೀಲಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು, ಹೋಗುತ್ತದೇನೋ ಎಂಬಂತೆ. ಆಮೇಲೆ ಸ್ಟೂಲಿನ ಮೇಲೆ ಕೂತು, “ಮುಖ ಹಾಳಾಗೋಗ್ಲಿ. ವಿಡಿಯೋ ಹೋಗ್ಬಾರ್ದು. ಅವರ ದನಿ ಇರೋದು ಅದ್ರಲ್ಲಿ ಮಾತ್ರ. ಅಪೀಲು ಬರಿ,” ಎಂದಳು.

ಮೊದಲ ಅಪೀಲನ್ನು ಮನಸ್ಸಿಟ್ಟು ಬರೆದೆ. ನಾನು ನೀಲಾಂಬಿಕೆ, ಹೆಂಗಸು, ವಯಸ್ಸು ಐವತ್ನಾಲ್ಕು. ಸದರಿ ದೊರೆಸ್ವಾಮಿ ಗಂಡಸು, ನಾನು ಅವನಲ್ಲ. ಎರಡು ಪುಟವಾಯಿತು. ಕಳಿಸಿದ ಹನ್ನೊಂದು ಸೆಕೆಂಡಿಗೆ ಉತ್ತರ ಬಂತು. ನಿಮ್ಮ ಮೇಲ್ಮನವಿಯನ್ನು ನಮ್ಮ ತಂಡವು ಕೂಲಂಕಷವಾಗಿ ಪರಿಶೀಲಿಸಿದೆ, ನಿಷೇಧ ಮುಂದುವರಿಯುತ್ತದೆ. ನಮ್ಮ ಪುರಸಭೆಯವರು ಇಷ್ಟು ಚುರುಕಾಗಿ ಕೆಲಸ ಮಾಡಿದ್ದನ್ನು ನಾನು ಜೀವಮಾನದಲ್ಲಿ ಕಂಡಿಲ್ಲ.

ಎರಡನೆಯದಕ್ಕೆ ಗುರುತಿನ ಚೀಟಿ ಲಗತ್ತಿಸಿದೆವು. ನಮ್ಮೂರ ಗುರುತಿನ ಚೀಟಿಯಲ್ಲಿ ಫೋಟೋ ಇರುವುದಿಲ್ಲ. ಇದ್ದು ಪ್ರಯೋಜನವೂ ಇಲ್ಲ. ನಡಿಗೆ ಬರೆದಿರುತ್ತದೆ. ‘ನೀಲಾಂಬಿಕೆ ಕೋಂ ಗುರುಮಲ್ಲಪ್ಪ: ಬಲಗಾಲು ಕೊಂಚ ಒಳಕ್ಕೆ, ಹೆಜ್ಜೆ ಚಿಕ್ಕದು, ಚಪ್ಪಲಿ ಎಳೆಯುವುದಿಲ್ಲ’ ಎಂದು ಮೊಹರು ಸಮೇತ ಇತ್ತು. ಇದಕ್ಕೂ ಹನ್ನೊಂದು ಸೆಕೆಂಡು. ದಾಖಲೆಯಲ್ಲಿ ಮುಖ ಕಂಡುಬಂದಿಲ್ಲವಂತೆ.

ಇನ್ನುಳಿದ ದಾರಿ ಎಂದರೆ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ಒಂದು ಫೋಟೋ ತೆಗೆದು, ಇದೋ ನೋಡಿ ಇಬ್ಬರಿದ್ದಾರೆ ಎಂದು ತೋರಿಸುವುದು. ನೀಲಕ್ಕ ಎರಡು ದಿನ ಒಪ್ಪಲಿಲ್ಲ. ಮೂರನೆಯ ದಿನ ನಾನೇ ಕೆಳಗಿನ ಬೀದಿಗೆ ಹೋಗಿ ದೊರೆಸ್ವಾಮಿಯನ್ನು ಕರೆದೆ. ನನ್ನ ಮಾತು ಮುಗಿಯುವ ಮೊದಲೇ ಅವನು ಅಂಗಿ ಬದಲಿಸಿಕೊಂಡು ಬಂದ. ಬಂದವನು, “ಹೆಂಗಿದ್ದೀರಿ ಅತ್ತಿಗೆ,” ಎಂದ. ಅಂಗಡಿ ಒಂದಾಗಿದ್ದ ಕಾಲದಲ್ಲಿ ಹಾಗೆ ಕರೆಯುತ್ತಿದ್ದ.  ಇಬ್ಬರನ್ನೂ ನನ್ನ ಅಂಗಡಿಯ ಮುಂದೆ ಒಂದೂವರೆ ಮೊಳ ಬಿಟ್ಟು ನಿಲ್ಲಿಸಿದೆ. ಒಂದೇ ಹುಬ್ಬು, ಒಂದೇ ಮೂಗು, ಒಂದೇ ಬಿಗಿದ ತುಟಿ. ಒಂದು ಮುಖಕ್ಕೆ ಮೀಸೆ ಇತ್ತು, ಒಂದಕ್ಕೆ ಇರಲಿಲ್ಲ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಸಭ್ಯರಾಗಿ ಬೇರೆ ಕಡೆ ನೋಡಿದರು.

ಉತ್ತರ ಬಂತು. ಈ ಚಿತ್ರವನ್ನು ಕನ್ನಡಿ ಬಳಸಿ ತೆಗೆಯಲಾಗಿದೆ, ಇಂಥ ವಂಚನೆ ನಮ್ಮ ನಿಯಮಗಳಿಗೆ ವಿರುದ್ಧ. ಆಳೆತ್ತರದ ಕನ್ನಡಿಯನ್ನು ಕಂಡೇ ಇಲ್ಲದ ಊರಿಗೆ ಈ ಮಾತು. ಇನ್ನು ಒಂದೇ ಅಪೀಲು ಉಳಿದಿತ್ತು, ಹತ್ತೊಂಬತ್ತು ದಿನ ಉಳಿದಿತ್ತು.

“ಮುಖಾನೇ ಬದಲಾಯಿಸ್ಬೇಕು. ಬೇರೆ ದಾರಿ ಇಲ್ಲ,” ಎಂದಳು ನೀಲಕ್ಕ. ಅಂದರೆ ದೊರೆಸ್ವಾಮಿಯನ್ನು ನೆನೆಯುವುದು ಬಿಡಬೇಕು. ಊರು ಟೊಂಕ ಕಟ್ಟಿ ನಿಂತಿತು. ಅವಳೆದುರು ಯಾರೂ ಅವನ ಹೆಸರೆತ್ತಲಿಲ್ಲ. ಬೆಂಕಿಪೊಟ್ಟಣ ಕೇಳುವವರು ಕೂಡ ಅವಳ ಅಂಗಡಿ ದಾಟಿ ಹೋಗಿ ಕೇಳಿದರು. ದೊರೆಸ್ವಾಮಿ ತನ್ನ ಅಂಗಡಿಯ ಬೋರ್ಡಿಗೆ ಗೋಣಿಚೀಲ ಮುಚ್ಚಿದ. ಇದರಿಂದಾದ ಉಪಕಾರ ಇಷ್ಟೆ: ಮೊದಲು ದಿನಕ್ಕೆ ಎರಡು ಸಲ ನೆನೆಯುತ್ತಿದ್ದವಳು ಈಗ ಗಳಿಗೆಗೊಮ್ಮೆ, ನೆನೆಯಬಾರದು, ನೆನೆಯಬಾರದು ಎಂದು ನೆನೆಯತೊಡಗಿದಳು. ನಾಲ್ಕೇ ದಿನಕ್ಕೆ ಅವಳ ಮೇಲ್ದುಟಿಯ ಮೇಲೆ ತೆಳ್ಳಗೆ ಮೀಸೆಯ ನೆರಳು ಕಂಡಿತು. ನಾನು ಅದನ್ನೂ ಹೇಳಲಿಲ್ಲ.

ಆರನೆಯ ದಿನ ಮಧ್ಯಾಹ್ನ ಅವಳು ಬುತ್ತಿ ತೆಗೆದುಕೊಂಡು ನನ್ನಲ್ಲಿಗೆ ಬಂದಳು, ಬಿಚ್ಚಲಿಲ್ಲ. “ಅವರನ್ನ ನೆನ್ಕೊಳ್ಳೋಣ ಅಂತ ಕೂರ್ತೀನಿ ಚೂಡಾ. ಏನ್ ಅಂತಿದ್ರು ಅನ್ನೋದು ಬರ್ತದೆ. ಹೆಂಗೆ ಅಂತಿದ್ರು ಅನ್ನೋದು ಬರ್ತಿಲ್ಲ. ದನಿ ಹೊಂಟೋಗ್ಬುಟ್ಟದೆ. ವಿಡಿಯೋ ಹಾಕ್ಕೊಂಡು ಕೇಳೋಣ ಅಂದ್ರೆ ಅದ್ಕೆ ಬೀಗ.” ಅವಳು ಬಿಕ್ಕಿ ಬಿಕ್ಕಿ ಅತ್ತಳು. ಮೂರು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ, ಬೈದದ್ದನ್ನು ಮಾತ್ರ ನೋಡಿದ್ದೆ. ನನಗೂ ತಡೆಯಲಾಗಲಿಲ್ಲ. ಅವಳನ್ನು ಅಲ್ಲೇ ಕೂರಿಸಿ ಹೋಗಿ ದೊರೆಸ್ವಾಮಿಯನ್ನು ಕರೆತಂದೆ. ಗುರುಮಲ್ಲಪ್ಪನ ಮಾತನ್ನು ಹದಿನಾಲ್ಕು ವರ್ಷ ಬೆಳಗಿನಿಂದ ಸಂಜೆಯವರೆಗೆ ಕೇಳಿದವನು ಊರಲ್ಲಿ ಅವನೊಬ್ಬನೇ.

ದೊರೆಸ್ವಾಮಿ ಬಾಗಿಲಲ್ಲೇ ನಿಂತ. ನೀಲಕ್ಕ ಕಣ್ಣೊರೆಸಿಕೊಂಡು, “ಮಣ್ಣಿಗೆ ಬರ್ದೇ ಇದ್ದೋರು ಈಗ್ಯಾಕ್ ಬಂದ್ರಿ,” ಎಂದಳು. ಮೂರು ವರ್ಷ ಅವನ ಬೆನ್ನ ಹಿಂದೆ ಕೇಳಿದ್ದನ್ನು ಈಗ ಎದುರಿಗೆ ಕೇಳಿದ್ದಳು.

“ಬರೋ ಹಂಗಿರ್ಲಿಲ್ಲ ಅತ್ತಿಗೆ.”

“ಯಾಕೆ? ಕಾಲಿಗೇನಾಗಿತ್ತು?”

“ಕಾಲಿಗಲ್ಲ,” ಎಂದು ಅವನು ತನ್ನ ಕೆನ್ನೆ ಮುಟ್ಟಿಕೊಂಡ. “ಅವಾಗ ನನಗಿದ್ದುದು ಗುರು ಮುಖ.”

 ಸತ್ತವರ ಮುಖ ಇರುವವರು ಮಣ್ಣಿಗೆ ಬರಕೂಡದು, ಹೆಂಡತಿ ಮಕ್ಕಳ ಕಣ್ಣಿಗೆ ಬೀಳಕೂಡದು ಎನ್ನುವುದು ನಮ್ಮೂರ ಹಳೆಯ ಕಟ್ಟುಪಾಡು. ಅಂಗಡಿ ಒಡೆದು ಹೋದ ಮೇಲೆ ದೊರೆಸ್ವಾಮಿ ಗೆಳೆಯನನ್ನು ನೆನೆದು ನೆನೆದು ಅವನೇ ಆಗಿಬಿಟ್ಟಿದ್ದ. ಆ ದಿನ ಕೆಳಗಿನ ಬೀದಿಯಲ್ಲಿ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದ. “ಆಮೇಲೆ ನೀವು ವಿಡಿಯೋದಲ್ಲಿ ದಿನಾ ಬಯ್ಯೋರು, ನಾನು ದಿನಾ ನೋಡೋನು. ಸಿಟ್ಟು ಬಂತು. ಗುರು ಮುಖ ಹೋಯ್ತು, ನಿಮ್ಮದು ಬಂತು,” ಎಂದ.

ನೀಲಕ್ಕ ನನ್ನ ಕಡೆ ತಿರುಗಿದಳು. “ನಿಂಗೆ ಗೊತ್ತಿತ್ತಾ?”

ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಹೇಳುವುದು ಪದ್ಧತಿಯಲ್ಲವೆಂದು ಮೂರು ವರ್ಷ ನಾವು ಮರ್ಯಾದಸ್ಥರಾಗಿ ಬಾಯಿ ಮುಚ್ಚಿಕೊಂಡು, ಅವಳು ಬೈಯುವುದನ್ನು ಕೇಳಿಕೊಂಡಿದ್ದೆವು. ನನಗೆ ನಾಚಿಕೆಯಾಯಿತು. ಹೂಂ ಎಂದೆ. ಅವಳು ಬುತ್ತಿ ಬಿಚ್ಚಿ, ಮುಚ್ಚಳಕ್ಕೆ ಎರಡು ಚಪಾತಿ ಹಾಕಿ ದೊರೆಸ್ವಾಮಿಯ ಕಡೆ ತಳ್ಳಿದಳು.

ಅವತ್ತಿನಿಂದ ಹದಿಮೂರು ದಿನ ಅವರಿಬ್ಬರೂ ಮಧ್ಯಾಹ್ನ ನನ್ನ ಅಂಗಡಿಯಲ್ಲಿ ಕೂತು ಗುರುಮಲ್ಲಪ್ಪನ ಮಾತಾಡಿದರು. ಅವನು ಟೀ ಲೋಟಕ್ಕೆ ಸ್ಕ್ರೂ ಹಾಕಿಟ್ಟು ಮರೆತು ಅದರಲ್ಲೇ ಟೀ ಕುಡಿದದ್ದು. ಗಿರಾಕಿಯ ಎದುರು ಒಂದು ಕುಕ್ಕರಿಗೆ ವಿಷಲ್ ಹೊಡೆಯಲು ಹೇಳಿ ಅದು ಹೊಡೆಯದಿದ್ದಾಗ ತಾನೇ ಬಾಯಲ್ಲಿ ಹೊಡೆದದ್ದು. ಅಂಗಡಿ ಒಡೆದ ಮರುದಿನ ಅಭ್ಯಾಸಬಲದಿಂದ ಇಬ್ಬರಿಗಾಗುವಷ್ಟು ಬುತ್ತಿ ತಂದು, ಬೀದಿ ಇಳಿದು ಅರ್ಧ ದಾರಿಯವರೆಗೆ ಹೋಗಿ ವಾಪಸ್ಸು ಬಂದದ್ದು. ಇದನ್ನು ಹೇಳಿದವಳು ನೀಲಕ್ಕ. ಕೇಳಿದ ದೊರೆಸ್ವಾಮಿ ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ಬಸ್ಸುಗಳನ್ನು ನೋಡುತ್ತ ನಿಂತ. ನಾನು ಜೆರಾಕ್ಸ್ ತೆಗೆಯುತ್ತಲೇ ನೋಡುತ್ತಿದ್ದೆ. ಮೊದಲು ಹುಬ್ಬು ಬದಲಾಯಿತು, ಆಮೇಲೆ ಮೂಗು. ಇಬ್ಬರದೂ.

ಮೂವತ್ತನೆಯ ದಿನ ಕೊನೆಯ ಅಪೀಲು. ನೀಲಕ್ಕ ಫೋನು ಹಿಡಿದು ಕೂತಳು. ಒಡೆದ ಗಾಜಿನಲ್ಲಿ ಅವಳಿಗೆ ಏನು ಕಂಡಿತೋ, ನನ್ನ ಎದುರಿಗಂತೂ ಗಲ್ಲದ ಗುಳಿಯ ಸಮೇತ ಗುರುಮಲ್ಲಪ್ಪನೇ ಕೂತಿದ್ದ. ಪಕ್ಕದ ಬೆಂಚಿನ ಮೇಲೆ ಇನ್ನೊಬ್ಬ ಗುರುಮಲ್ಲಪ್ಪ ಮೀಸೆ ತಿರುವುತ್ತ ಕೂತಿದ್ದ.

ಈ ಸಲವೂ ಹನ್ನೊಂದು ಸೆಕೆಂಡು. ಅಭಿನಂದನೆಗಳು, ನಿಮ್ಮ ಮುಖವು ಖಾತೆ ತೆರೆದ ದಿನದ ಮುಖಕ್ಕೆ ಪೂರ್ಣವಾಗಿ ಹೊಂದಿಕೆಯಾಗಿದೆ. ನಿಷೇಧವನ್ನು ತೆಗೆಯಲಾಗಿದೆ. ಮರಳಿ ಸ್ವಾಗತ, ಗುರುಮಲ್ಲಪ್ಪ ಅವರೇ.

ಎರಡು ಪುಟ ಬರೆದು, ತಾನು ನೀಲಾಂಬಿಕೆ ಎಂದು ಮೊಹರಿನ ಸಮೇತ ಸಾಬೀತು ಮಾಡಿದವಳನ್ನು ಅವರು ನಂಬಲಿಲ್ಲ. ಸತ್ತು ಮೂರು ವರ್ಷವಾದವನು ಬಂದು ಮುಖ ತೋರಿಸಿದ್ದಕ್ಕೆ ಅಭಿನಂದನೆ ಹೇಳಿದರು. ನೀಲಕ್ಕನಿಗೆ ಅದೆಲ್ಲ ಬೇಕಿರಲಿಲ್ಲ. ಒಂದು ವಿಡಿಯೋ ಒತ್ತಿದಳು. ಜಾರು ಬಂತು, ಎರಡು ಕೈ ಬಂತು. ‘ಕೈ ಅಡ್ಡ ಬಂತು ನೀಲಾ,’ ಎಂದಿತು ದನಿ. ಅವಳು ತೊಡೆಯ ಮೇಲಿದ್ದ ಕೈಯನ್ನು ತನಗೆ ತಿಳಿಯದೆಯೇ ಪಕ್ಕಕ್ಕೆ ಸರಿಸಿದಳು. ದೊರೆಸ್ವಾಮಿ ತಲೆ ತಗ್ಗಿಸಿಕೊಂಡ. ಅದೊಂದನ್ನೇ ಅವರು ಏಳು ಸಲ ಕೇಳಿದರು.

ವಿಡಿಯೋಗಳನ್ನೆಲ್ಲ ಒಂದು ಪೆನ್ ಡ್ರೈವಿಗೆ ಇಳಿಸಿಕೊಟ್ಟೆ. ಅವಳು ಅದನ್ನು ಅಕ್ಕಿ ಡಬ್ಬಿಯಲ್ಲಿಟ್ಟಳು. ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಎರಡು ದಿನ ಬಿಟ್ಟು ದೊರೆಸ್ವಾಮಿಯ ತಿಂಗಳ ಮುಖ ತೋರಿಸುವ ಸರದಿ ಬಂತು. ಅವನೂ ತೋರಿಸಿದ. ನಿಮ್ಮ ಮುಖವು ‘ನೀಲಾ ರಿಪೇರಿ’ ಖಾತೆದಾರರ ಮುಖವೇ ಆಗಿದೆ, ಒಬ್ಬರಿಗೆ ಒಂದೇ ಖಾತೆ, ನಿಷೇಧಿಸಲಾಗಿದೆ. ಅವನ ಮುನ್ನೂರು ಚಿಲ್ಲರೆ ವಿಡಿಯೋಗೂ ಬೀಗ ಬಿತ್ತು, ಬೆಂಕಿಯ ಪರವಾಗಿ ಆಡಿದ ಅಷ್ಟೂ ವಾದಕ್ಕೂ. ಅಪೀಲು ಹಾಕೋಣ ಎಂದೆ. “ಬ್ಯಾಡ ಬಿಡವ್ವ. ಅಪೀಲು ಗೆಲ್ಬೇಕು ಅಂದ್ರೆ ಈ ಮುಖ ಬಿಡ್ಬೇಕು. ಒಂದ್ಸಲ ಬಿಟ್ಟಿದ್ದೇ ಸಾಕು,” ಎಂದು ಎದ್ದು ಹೋದ.

ಹೋದವನು ಕೆಳಗಿನ ಬೀದಿಗೆ ಹೋಗಲಿಲ್ಲ, ಎದುರಿನ ಅಂಗಡಿಗೆ ಹೋದ. ಈಗ ನೀಲಕ್ಕನ ವಿಡಿಯೋಗಳಿಗೆ ಫೋನು ಹಿಡಿಯುವವನು ಅವನೇ. ಸ್ಟ್ಯಾಂಡು ಮೂಲೆ ಸೇರಿದೆ. ಬೆಂಕಿ ಹಿಡೀಬೇಡಿ ಎಂದು ಅವಳು ಹೇಳುವಾಗ ಹಿಂದಿನಿಂದ ಒಂದು ಕೆಮ್ಮು ಕೇಳಿಸುತ್ತದೆ, ಅದನ್ನು ತೆಗೆಯಲು ಅವಳು ಬಿಡುವುದಿಲ್ಲ.

ಹೋದ ಸೋಮವಾರ ನೀಲಕ್ಕ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು. “ದೊರೆಸ್ವಾಮಿದು ಒಂದು ಅಪೀಲು ಬರಿ. ಅವರಿಗೆ ಹೇಳ್ಬೇಡ.” ಪಡಸಾಲೆಯವರು ಅರ್ಜಿಯನ್ನು ಬದಲಿಸಿದ್ದರು. ಈಗ ಎರಡು ಪುಟಕ್ಕೆ ಜಾಗವಿರಲಿಲ್ಲ. ಒಂದೇ ಪ್ರಶ್ನೆ: ನಿಮ್ಮ ಮತ್ತು ಇನ್ನೊಬ್ಬ ಖಾತೆದಾರರ ಮುಖ ಒಂದೇ ಆಗಿರುವುದಕ್ಕೆ ಕಾರಣವೇನು, ನೂರು ಅಕ್ಷರಗಳಲ್ಲಿ ವಿವರಿಸಿ. ನಾನು ಓದಿ ಹೇಳಿದೆ. ಅವಳು ಯೋಚನೆ ಮಾಡಲಿಲ್ಲ.

“ಇಬ್ರೂ ಒಬ್ಬರನ್ನೇ ನೆನೀತೀವಿ ಅಂತ ಬರಿ.”

ಬರೆದೆ. “ಇನ್ನೂ ಜಾಗ ಉಳಿದದೆ ಅಕ್ಕ. ಇನ್ನೇನಾದ್ರೂ?”

“ಇನ್ನೇನಿದೆ ಹೇಳಕ್ಕೆ. ಕಳಿಸು.”

ಕಳಿಸಿದೆ. ಹನ್ನೊಂದು ಸೆಕೆಂಡಿಗೆ ಕೆಂಪಕ್ಷರ ಬಂತು. ಅವಳು ಓದು ಎನ್ನಲಿಲ್ಲ, ನಾನೂ ಓದಲಿಲ್ಲ. ಅಷ್ಟರಲ್ಲಿ ಎದುರಿನ ಅಂಗಡಿಯಿಂದ ದೊರೆಸ್ವಾಮಿ ಕೂಗಿದ, “ಅತ್ತಿಗೆ, ಜಾರಿಗೆ ನೀರು ಕಾದದೆ, ಬನ್ನಿ.” ನೀಲಕ್ಕ ಸೆರಗು ಸಿಕ್ಕಿಸಿಕೊಂಡು ಎದ್ದಳು.